‘ಈಗ ಏನು ಓದುತ್ತಿದ್ದೀರಿ?’: ಅರ್ಧ ಓದಿದ ಪುಸ್ತಕಗಳ ಕೂಟ ನಡೆಸುವ ಬಗೆ

ಮುಗಿಸಿದ ಪುಸ್ತಕದ ಬಗ್ಗೆ ಮಾತನಾಡುವ ಸಭೆಗಳಿಗೆ ನಮ್ಮ ನಾಡಿನಲ್ಲಿ ಬರವಿಲ್ಲ. ಬ್ಯಾನರು, ವೇದಿಕೆ, ಶಾಲು, ಮೂವರು ಭಾಷಣಕಾರರು, ಕೊನೆಗೆ ಉಪ್ಪಿಟ್ಟು. ನಾನು ಬರೆಯಹೊರಟಿರುವುದು ಬೇರೆ ಬಗೆಯ ಕೂಟದ ಬಗ್ಗೆ. ಅರ್ಧ ಓದಿದ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಬಂದು, ಇಷ್ಟು ದೂರ ಬಂದಿದ್ದೇನೆ, ಇಲ್ಲಿಯವರೆಗೆ ಹೀಗಿದೆ ಎಂದು ಹೇಳಿ ಹೋಗುವ ಕೂಟ. ಸಾಗರ ಪೇಟೆಯ ನಮ್ಮ ಔಷಧಿ ಅಂಗಡಿಯ ಅಟ್ಟದ ಮೇಲೆ ತಿಂಗಳಿಗೊಮ್ಮೆ ಇದು ನಡೆಯುತ್ತದೆ. ಮಾತ್ರೆ ಕೊಳ್ಳಲು ಬಂದವರು ಮೆಟ್ಟಿಲ ಬುಡದ ಚಪ್ಪಲಿಗಳನ್ನು ನೋಡಿ, ಮೇಲೆ ಭಜನೆಯೇ ಎಂದು ಕೇಳುವುದುಂಟು. ಶಿರಸಿ, ಹೊಸನಗರದ ಕಡೆಯ ಕೆಲವರು ತಮ್ಮೂರಿನಲ್ಲೂ ಶುರು ಮಾಡುತ್ತೇವೆ, ಕ್ರಮ ತಿಳಿಸಿ ಎಂದದ್ದರಿಂದ ಇಷ್ಟನ್ನು ಬರೆದಿಡುತ್ತಿದ್ದೇನೆ.

ಅರ್ಧದಲ್ಲಿರುವ ಪುಸ್ತಕವೇ ಏಕೆ ಎಂಬುದನ್ನು ಮೊದಲು ಹೇಳಿಬಿಡಬೇಕು. ಉಳಿದ ನಿಯಮಗಳೆಲ್ಲ ಅದರಿಂದಲೇ ಹುಟ್ಟಿದವು. ಪುಸ್ತಕ ಮುಗಿಸಿದವರ ಬಾಯಲ್ಲಿ ತೀರ್ಪು ಬರುತ್ತದೆ. ಅದೂ ಬಹಳ ಸಲ ಮುನ್ನುಡಿಯಿಂದಲೋ ಬೆನ್ನುಡಿಯಿಂದಲೋ ಎರವಲು ತಂದದ್ದು. ಭೈರಪ್ಪನವರ ‘ಗೃಹಭಂಗ’ (1970) ಓದಿದ ಯಾರನ್ನಾದರೂ ಕೇಳಿ, ‘ಬಹಳ ದುಃಖದ ಕಾದಂಬರಿ’ ಎನ್ನುತ್ತಾರೆ. ಸುಳ್ಳಲ್ಲ. ಆದರೆ ಕೇಳಿಸಿಕೊಂಡವರಿಗೆ ದಕ್ಕುವುದೇನೂ ಇಲ್ಲ. ನಮ್ಮ ಕೂಟದ ಹೈಸ್ಕೂಲು ಮೇಡಂ ಅದೇ ಕಾದಂಬರಿಯ ನಡುವಿನಲ್ಲಿದ್ದಾಗ ಹೇಳಿದ್ದು ಹೀಗೆ: ‘ನಂಜಮ್ಮ ಶ್ಯಾನುಭೋಗಿಕೆಯ ಲೆಕ್ಕ ಬರೆಯುವ ಪುಟ ಬಂದರೆ ನನಗೆ ಹಾಯೆನಿಸುತ್ತದೆ. ಬರೆಯುವಷ್ಟು ಹೊತ್ತು ಅವಳು ಯಾರ ಸೊಸೆಯೂ ಅಲ್ಲ, ಯಾರ ಹೆಂಡತಿಯೂ ಅಲ್ಲ. ಇನ್ನೇನು ಅತ್ತೆ ಬಂದಾಳೆಂಬ ಭಯದಲ್ಲೇ ಪುಟ ತಿರುಗಿಸುತ್ತೇನೆ.’ ಮುಂದಿನ ತಿಂಗಳು ಮುಗಿಸಿಕೊಂಡು ಬಂದಾಗ ಅವರೂ ‘ದುಃಖದ ಕಾದಂಬರಿ’ ಎಂದೇ ಹೇಳಿದರು. ನಮಗೆ ಬೇಕಾದದ್ದು ಹಿಂದಿನ ತಿಂಗಳ ಮಾತು.

ಇನ್ನೊಂದು ಅನುಕೂಲವೂ ಇದೆ. ಪುಸ್ತಕದ ನಡುವೆ ಇರುವವರು ಪಂಡಿತರಾಗಲು ಸಾಧ್ಯವಿಲ್ಲ. ಮುಂದೇನಾಗುತ್ತದೆಂದು ಎಂ.ಎ. ಮಾಡಿದವರಿಗೂ ಗೊತ್ತಿಲ್ಲ, ಏಳನೆಯ ತರಗತಿಗೆ ಶಾಲೆ ಬಿಟ್ಟವರಿಗೂ ಗೊತ್ತಿಲ್ಲ. ಮಾತಾಡಲು ಅಂಜುವವರು ಬಾಯಿ ಬಿಡುವುದು ಇಂಥ ಕಡೆಯಲ್ಲೇ.

ಜನ, ಜಾಗ, ಹೊತ್ತು

ಹನ್ನೆರಡು ಜನಕ್ಕಿಂತ ಹೆಚ್ಚು ಬೇಡ. ಒಬ್ಬೊಬ್ಬರಿಗೆ ನಾಲ್ಕು ನಿಮಿಷ, ಅವರನ್ನು ಪ್ರಶ್ನೆ ಕೇಳಲು ಎರಡು ನಿಮಿಷ ಎಂದರೂ ಒಂದೂಕಾಲು ಗಂಟೆಯಾಗುತ್ತದೆ. ಅದಕ್ಕಿಂತ ಹೆಚ್ಚು ಹೊತ್ತು ಚಾಪೆಯ ಮೇಲೆ ಕೂರಲು ಐವತ್ತು ದಾಟಿದವರ ಮಂಡಿ ಒಪ್ಪುವುದಿಲ್ಲ. ಜನ ಹೆಚ್ಚಾದರೆ ಎರಡು ಕೂಟ ಮಾಡಿ. ಮೂವರೇ ಬಂದರೂ ನಡೆಸಿ. ನಮ್ಮ ಕಡೆ ನವೆಂಬರಿನಿಂದ ಅಡಿಕೆಯ ಕೊಯ್ಲು, ಸುಲಿತ, ಬೇಯಿಸುವುದು ಒಂದರ ಬೆನ್ನಿಗೊಂದು ಬಂದು ತೋಟದವರು ಮನೆಬಿಟ್ಟು ಕದಲುವುದಿಲ್ಲ. ಆಗಲೂ ದಿನ ಮುಂದೂಡಬಾರದು. ಒಮ್ಮೆ ಮುಂದೂಡಿದ ಕೂಟ ಎರಡನೆಯ ಸಲ ತಾನಾಗಿಯೇ ಮುಂದೆ ಹೋಗುತ್ತದೆ, ಮೂರನೆಯ ಸಲ ಯಾರಿಗೂ ನೆನಪಿರುವುದಿಲ್ಲ. ನಮ್ಮದು ತಿಂಗಳ ಎರಡನೆಯ ಭಾನುವಾರ, ಸಂಜೆ ನಾಲ್ಕಕ್ಕೆ.

ವೇದಿಕೆ, ಮೈಕು, ಎತ್ತರದ ಕುರ್ಚಿ ಏನೂ ಬೇಡ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ, ಅಧ್ಯಕ್ಷರ ಮಾತು, ವಂದನಾರ್ಪಣೆ, ಇವುಗಳಲ್ಲಿ ಒಂದನ್ನು ಒಳಗೆ ಬಿಟ್ಟರೂ ಉಳಿದ ನಾಲ್ಕು ಬೆನ್ನಿಗೇ ಬಂದು ಕೂರುತ್ತವೆ. ನಮಗೆ ಹತ್ತಿರದ ಹೆಗ್ಗೋಡಿನಲ್ಲಿ 1949ರಿಂದ ನೀನಾಸಮ್ ಇದೆ. ಅಲ್ಲಿನ ನಾಟಕ, ಶಿಬಿರಗಳ ಗಾಳಿ ಈ ಸೀಮೆಗೆಲ್ಲ ಬೀಸಿದೆ. ಹಾಗಾಗಿ ಚರ್ಚೆ ಮಾಡುವವರಿಗೆ ನಮ್ಮಲ್ಲಿ ಕೊರತೆಯಿಲ್ಲ, ನಾಲ್ಕು ನಿಮಿಷದಲ್ಲಿ ಮುಗಿಸುವವರಿಗೆ ಇದೆ. ಅದಕ್ಕೆಂದೇ ಮೊಬೈಲಿನಲ್ಲಿ ಅಲಾರಂ ಇಟ್ಟು ಚಾಪೆಯ ನಡುವೆ ಇಡುತ್ತೇವೆ. ಅದನ್ನು ಹಿಡಿದುಕೊಳ್ಳುವ ಕೆಲಸ ಕೂಟದಲ್ಲಿ ಅತಿ ಚಿಕ್ಕವರಿಗೆ. ಪಿಯುಸಿ ಓದುವ ಹುಡುಗಿ ‘ಸರ್, ಆಯಿತು’ ಎಂದರೆ ಎಂಥ ನಿವೃತ್ತ ಪ್ರಾಧ್ಯಾಪಕರೂ ನಕ್ಕು ಸುಮ್ಮನಾಗುತ್ತಾರೆ. ನಾನು ಹೇಳಿದರೆ ಮುನಿಸಿಕೊಳ್ಳುತ್ತಾರೆ.

ಲೇಖಕರನ್ನು ಕರೆಯಬೇಡಿ. ಲೇಖಕರ ಮೇಲೆ ನನಗೆ ಗೌರವವೇ ಇದೆ. ಆದರೆ ಬರೆದವರು ಎದುರಿಗೆ ಕೂತಿದ್ದಾಗ, ನಿಮ್ಮ ಎಂಬತ್ತನೆಯ ಪುಟದಲ್ಲಿ ನನಗೆ ನಿದ್ದೆ ಬಂತು ಎನ್ನುವ ಧೈರ್ಯ ಮಲೆನಾಡಿನವರಿಗೆ ಇಲ್ಲ.

ತಿಂಡಿಯ ವಿಷಯ. ನಮ್ಮ ಮನೆಯವರು ಪುಸ್ತಕ ಓದುವವರಲ್ಲ, ಪೇಪರಿನಲ್ಲಿ ಅಡಿಕೆ ಧಾರಣೆಯ ಕಾಲಂ ಓದುತ್ತಾರೆ. ಆದರೆ ಕೂಟದ ದಿನ ಚಹಾ, ಒಗ್ಗರಣೆ ಅವಲಕ್ಕಿ ಅವರದೇ ಹೊಣೆ. ಅದಕ್ಕಿಂತ ಮೇಲೆ ಹೋಗಬೇಡಿ. ಕೂಟ ಮನೆಯಿಂದ ಮನೆಗೆ ತಿರುಗುವುದಾದರೆ, ಒಬ್ಬರ ಮನೆಯಲ್ಲಿ ಹೋಳಿಗೆಯಾಯಿತೆಂದರೆ ಮುಂದಿನ ತಿಂಗಳಿನವರು ಅದಕ್ಕೂ ಮಿಗಿಲಾದದ್ದನ್ನು ಮಾಡಬೇಕಾಗುತ್ತದೆ, ನಾಲ್ಕನೆಯ ತಿಂಗಳು ಯಾರೂ ಮನೆ ಕೊಡುವುದಿಲ್ಲ.

ಹೇಳುವುದು ಹೇಗೆ

ಪುಸ್ತಕದ ಹೆಸರು, ಬರೆದವರು ಮತ್ತು ಪುಟ. ಪುಟದ ಸಂಖ್ಯೆ ಹೇಳದೆ ಮಾತು ಶುರುವಾಗಬಾರದು. ‘ಓದುತ್ತಿದ್ದೇನೆ’ ಎಂದು ವರ್ಷಗಟ್ಟಲೆ ಹೇಳಿಕೊಂಡು ತಿರುಗುವವರಿಗೆ ಇದೊಂದೇ ಮದ್ದು. ಇನ್ನೂರರಲ್ಲಿ ನಲವತ್ತನೆಯ ಪುಟ ಎಂದರೆ ಕೇಳುವವರಿಗೂ ಅಂದಾಜು ಸಿಗುತ್ತದೆ: ಇವರು ಈಗಷ್ಟೇ ಅಂಗಳಕ್ಕೆ ಬಂದಿದ್ದಾರೆ, ಒಳಮನೆ ಇನ್ನೂ ನೋಡಿಲ್ಲ.

ಆಮೇಲೆ, ಪುಸ್ತಕ ಕೈಗೆ ಹೇಗೆ ಬಂತು. ಕೊಂಡದ್ದೇ, ಗ್ರಂಥಾಲಯದ್ದೇ, ಯಾರಾದರೂ ಬಲವಂತವಾಗಿ ಕೊಟ್ಟದ್ದೇ? ಇದು ಹರಟೆಯಂತೆ ಕಂಡರೂ ಬಿಡಬೇಡಿ. ಮಾವ ತೀರಿಕೊಂಡ ಮೇಲೆ ಅವರ ಪೆಟ್ಟಿಗೆಯಲ್ಲಿ ಸಿಕ್ಕಿದ ಪುಸ್ತಕ ಓದುವವರ ಕಣ್ಣು ಬೇರೆ, ಸೊಸೆಯ ಪಠ್ಯಪುಸ್ತಕ ಎತ್ತಿಕೊಂಡು ಓದುವವರ ಕಣ್ಣು ಬೇರೆ.

ಮೂರನೆಯದು ಮುಖ್ಯ. ಎಲ್ಲಿ ನಿಂತಿರಿ? ಓದುತ್ತ ಓದುತ್ತ ಕಣ್ಣು ಪುಟದಿಂದ ಮೇಲೆದ್ದ ಒಂದು ಜಾಗ ಎಲ್ಲರಿಗೂ ಇರುತ್ತದೆ. ಖುಷಿಗೋ, ಸಿಟ್ಟಿಗೋ, ಅರ್ಥವಾಗದ್ದಕ್ಕೋ, ಹಾಲು ಉಕ್ಕಿದ್ದಕ್ಕೋ. ಆ ಜಾಗದ ಬಗ್ಗೆ ಮಾತಾಡಿ. ಇಡೀ ಪುಸ್ತಕದ ಬಗ್ಗೆ ಬೇಡ.

ಕೊನೆಗೆ, ಮುಂದೆ ಓದುತ್ತೀರಾ, ಓದಿದರೆ ಮುಗಿದ ಮೇಲೆ ಇದನ್ನು ಯಾರಿಗೆ ಕೊಡುತ್ತೀರಿ. ‘ಎಲ್ಲರೂ ಓದಬೇಕು’ ಎಂಬ ಉತ್ತರವನ್ನು ಒಪ್ಪಬಾರದು. ಕೂಟದಲ್ಲಿರುವ ಒಬ್ಬರತ್ತ ಬೆರಳು ತೋರಿಸಿ ಕಾರಣ ಹೇಳಬೇಕು. ನಮ್ಮ ಅಟ್ಟದಲ್ಲಿ ಪುಸ್ತಕಗಳು ಕೈಬದಲಾಗುವುದು ಈ ಪ್ರಶ್ನೆಯಿಂದ.

ಗೋಡೆಗೆ ಒಂದು ಚೀಟಿ ಅಂಟಿಸಿದ್ದೇವೆ. ಅದರಲ್ಲಿ ಹೇಳಬಾರದ ಪದಗಳಿವೆ: ಅದ್ಭುತ, ಮನಮುಟ್ಟುವ, ಹೃದಯಸ್ಪರ್ಶಿ, ಮೈನವಿರೇಳಿಸುವ, ಓದಿಸಿಕೊಂಡು ಹೋಗುತ್ತದೆ, ಸಂಗ್ರಹಯೋಗ್ಯ. ‘ಚೆನ್ನಾಗಿದೆ’ ಎನ್ನುವುದಕ್ಕೆ ತಡೆಯಿಲ್ಲ, ಆದರೆ ಅಲ್ಲಿಗೇ ನಿಲ್ಲುವಂತಿಲ್ಲ. ಅಂಗಡಿಗೆ ಬಂದು ‘ಮೈ ಸರಿಯಿಲ್ಲ’ ಎಂದಷ್ಟೇ ಹೇಳಿ ಔಷಧಿಗೆ ಕೈಚಾಚಿದಂತೆ ಅದು. ಎಲ್ಲಿ ನೋವು, ಎಂದಿನಿಂದ ಎನ್ನುವುದು ಬೇಡವೇ?

ಬ್ಯಾಂಕಿನಲ್ಲಿ ಕೆಲಸ ಮಾಡುವ ಹುಡುಗನೊಬ್ಬ ಹೊಸದಾಗಿ ಬಂದ ದಿನ ವಸುಧೇಂದ್ರ ಅವರ ‘ತೇಜೋ-ತುಂಗಭದ್ರಾ’ (2019) ತಂದಿದ್ದ. ‘ಅದ್ಭುತ ಕಾದಂಬರಿ, ಎಲ್ಲರೂ ಓದಲೇಬೇಕು’ ಎಂದು ಹೇಳಿ ಅರ್ಧ ನಿಮಿಷದಲ್ಲಿ ಕೂತ. ಚೀಟಿ ತೋರಿಸಿದೆವು. ಯಾವ ಪುಟ? ಪುಟ ಹೇಳಿದ. ಅಲ್ಲಿ ಏನಾಗುತ್ತಿದೆ? ಸ್ವಲ್ಪ ಯೋಚಿಸಿ ಹೇಳಿದ: ‘ಕತೆ ಒಂದಷ್ಟು ಹೊತ್ತು ತೇಜೋ ನದಿಯ ದಡದ ಲಿಸ್ಬನ್ನಿನಲ್ಲಿ ನಡೆಯುತ್ತದೆ, ಆಮೇಲೆ ವಿಜಯನಗರದ ಸೀಮೆಗೆ ಬರುತ್ತದೆ. ಲಿಸ್ಬನ್ ಬಿಟ್ಟು ಈ ಕಡೆ ಬಂದಾಗ ಮೊದಲು ನನಗೆ ಕೋಪ ಬರುತ್ತದೆ, ಗೇಬ್ರಿಯಲ್ ಏನಾದನೋ ಎಂದು. ಐದು ಪುಟ ಓದುವಷ್ಟರಲ್ಲಿ ಈ ಕಡೆಯವರೇ ನಮ್ಮವರೆನಿಸಿ, ಮತ್ತೆ ಅಲ್ಲಿಗೆ ಹೋಗುವುದು ಬೇಡವೆನಿಸುತ್ತದೆ. ಪ್ರತಿ ಸಲವೂ ಹೀಗೇ ಆಗುತ್ತಿದೆ. ಎರಡು ನದಿ ಸೇರುತ್ತವೆಯೋ ಇಲ್ಲವೋ ನೋಡಬೇಕು.’ ಯಾರಿಗೆ ಕೊಡುತ್ತೀಯಪ್ಪ ಎಂದರೆ, ಊರು ಬದಲಾಯಿಸುವ ಕೆಲಸದಲ್ಲಿರುವ ಅರಣ್ಯ ಇಲಾಖೆಯವರಿಗೆ ಎಂದ. ಅವರು ಆ ಸಂಜೆಯೇ ಹೆಸರು ಬರೆಸಿದರು.

ನಿವೃತ್ತ ಸರ್ವೇಯರ್ ಸಾಹೇಬರ ನಕ್ಷೆ

ದೊಡ್ಡ ಕಾದಂಬರಿ ಓದುವವರಿಗೆ ಬೇರೆ ತೊಂದರೆ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕೈಗೆತ್ತಿಕೊಂಡ ಹಲವರು ನೂರು ಪುಟದ ಆಸುಪಾಸಿನಲ್ಲಿ ಕೈಚೆಲ್ಲುತ್ತಾರೆ. ಕತೆ ನೀರಸವೆಂದಲ್ಲ, ಯಾವ ಮನೆಯವರು ಯಾವ ಮನೆಗೆ ಏನಾಗಬೇಕು ಎಂಬುದು ತಪ್ಪಿಹೋಗುತ್ತದೆ. ನಮ್ಮ ಕೂಟದಲ್ಲೊಬ್ಬರು ನಿವೃತ್ತ ಸರ್ವೇಯರ್. ಅವರು ಆ ಪುಸ್ತಕ ಹಿಡಿದಾಗ ಮೊದಲು ಮಾಡಿದ ಕೆಲಸವೆಂದರೆ ಹಳೆಯ ಕ್ಯಾಲೆಂಡರಿನ ಹಾಳೆಯ ಬೆನ್ನಿಗೆ ನಕ್ಷೆ ಬರೆದದ್ದು. ಸಿಂಬಾವಿ, ಬೆಟ್ಟಳ್ಳಿ, ಕೋಣೂರು, ಹಳೆಮನೆ, ಹೂವಳ್ಳಿ, ಮೇಗರವಳ್ಳಿ, ಒಂದು ಮೂಲೆಯಲ್ಲಿ ತೀರ್ಥಹಳ್ಳಿ, ಇನ್ನೊಂದು ಕಡೆ ಹುಲಿಕಲ್ಲು. ಪ್ರತಿ ಮನೆಯ ಕೆಳಗೆ ಅಲ್ಲಿಯ ಜನರ ಹೆಸರು ಪೆನ್ಸಿಲಿನಲ್ಲಿ. ಗುತ್ತಿ ತನ್ನ ನಾಯಿ ಹುಲಿಯನನ್ನು ಕಟ್ಟಿಕೊಂಡು ನಡೆದ ದಾರಿ ನೀಲಿ ಶಾಯಿಯಲ್ಲಿ, ಐತ-ಪೀಂಚಲು ಇರುವ ಕಡೆ ಒಂದು ಚುಕ್ಕೆ, ಮುಕುಂದಯ್ಯ ಚಿನ್ನಮ್ಮನಿಗಾಗಿ ಓಡಾಡಿದ್ದು ಕೆಂಪಿನಲ್ಲಿ. ಅಳತೆಯ ಪಟ್ಟಿ ಮಾತ್ರ ಇಲ್ಲ. ‘ಕವಿಗಳು ಚೈನು ಹಿಡಿದು ಬರೆದಿಲ್ಲ, ನಾನೇನು ಮಾಡಲಿ’ ಎನ್ನುತ್ತಾರೆ.

ತಿಂಗಳು ತಿಂಗಳೂ ಅವರು ಆ ಹಾಳೆ ಬಿಡಿಸಿ, ಈಗ ಇಲ್ಲಿದ್ದೇನೆ ಎಂದು ಬೆರಳಿಡುತ್ತಿದ್ದರು. ಅವರ ಓದು ನಿಧಾನ, ಒಂದು ಮಳೆಗಾಲ ಕಳೆದು ಬೇಸಿಗೆ ಬಂದರೂ ಮುಗಿದಿರಲಿಲ್ಲ. ಹಾಳೆ ಮಡಿಕೆಗಳಲ್ಲಿ ಹರಿದು, ಸೆಲ್ಲೋಟೇಪು ಹಚ್ಚಿಸಿಕೊಂಡು, ನಡುನಡುವೆ ಚಹಾದ ಕಲೆಯಾಗಿ, ಕೊನೆಗೆ ಪುಸ್ತಕ ಓದದ ನಮಗೂ ಬಾಯಿಪಾಠವಾಯಿತು. ನಾಲ್ವರು ಆ ನಕ್ಷೆಯ ಜೆರಾಕ್ಸ್ ಮಾಡಿಸಿಕೊಂಡು ಕಾದಂಬರಿ ಶುರು ಮಾಡಿದರು. ನೂರು ಜನ ಬರುವ ಕತೆ ಯಾವುದೇ ಇರಲಿ, ಮಹಾಭಾರತವೇ ಇರಲಿ, ಒಂದು ಹಾಳೆಯಲ್ಲಿ ಹೆಸರು ಮತ್ತು ಊರು ಬರೆದುಕೊಂಡು ಪುಸ್ತಕದೊಳಗೇ ಇಟ್ಟುಕೊಳ್ಳಿ. ಪೆನ್ಸಿಲೇ ಇರಲಿ, ಏಕೆಂದರೆ ಮೊದಲು ಭಾವಿಸಿದ ನೆಂಟಸ್ತಿಕೆ ಆಮೇಲೆ ಬೇರೆಯಾಗುತ್ತದೆ.

ಇಲ್ಲೇ ಇನ್ನೊಂದು ನಿಯಮ: ಮುಂದಿನ ಕತೆ ಹೇಳಬಾರದು. ಹೇಳುವವರು ತಾವಿರುವ ಪುಟವನ್ನು ದಾಟಬಾರದು, ಮೊದಲೇ ಓದಿದವರು ಬಾಯಿ ಬಿಡಬಾರದು. ಹುಲಿಯನ ಗತಿ ಏನಾಯಿತೆಂದು ಸರ್ವೇಯರ್ ಸಾಹೇಬರ ಎದುರು ಹೇಳಲು ಹೊರಟವರೊಬ್ಬರಿಗೆ ಆ ಸಂಜೆ ಚಹಾ ಸಿಗಲಿಲ್ಲ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ (2013) ತಂದಾಗ ಈ ನಿಯಮಕ್ಕೆ ವಿನಾಯಿತಿ ಕೊಡಬೇಕಾಯಿತು. ಅದು ಒಂದೇ ಸಂಜೆಗೆ ಓದಿ ಮುಗಿಸುವಷ್ಟು ಚಿಕ್ಕದು, ಕೊನೆಯಲ್ಲಿ ಏನಾಯಿತೆಂದು ಬಿಡಿಸಿ ಹೇಳುವುದೂ ಇಲ್ಲ. ಹಾಗಾಗಿ ಓದದವರನ್ನು ಅವಲಕ್ಕಿ ತಟ್ಟೆಯೊಂದಿಗೆ ಕೆಳಗೆ ಕಳಿಸಿ, ಓದಿದವರು ಮೇಲೆ ಕೂತು ಜಗಳವಾಡಿದರು. ಹಣ ಬಂದ ಮೇಲೆ ಆ ಮನೆಯವರು ಕೆಟ್ಟರೋ, ಕೆಟ್ಟದ್ದು ಮೊದಲೇ ಇದ್ದು ಹಣ ಬಂದ ಮೇಲೆ ಕಂಡಿತೋ ಎಂಬುದು ಜಗಳ. ಗಂಡಸರೆಲ್ಲ ಒಂದು ಕಡೆ, ಹೆಂಗಸರೆಲ್ಲ ಇನ್ನೊಂದು ಕಡೆಯಾದದ್ದು ಕಾಕತಾಳೀಯವೆಂದು ನಮ್ಮ ಮೇಷ್ಟ್ರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ.

ಕಿವಿಯಿಂದ ಓದುವವರು

ಕೇಳುವುದು ಓದಲ್ಲ ಎಂದು ವಾದಿಸುವವರು ಎಲ್ಲ ಊರಿನಲ್ಲೂ ಇರುತ್ತಾರೆ. ಅವರಿಗೆ ಹೇಳಿ: ಶಿವಮೊಗ್ಗದ ಪಕ್ಕ ತುಂಗೆಯ ದಡದಲ್ಲಿ ಹೊಸಹಳ್ಳಿಯಿದೆ, ಗಮಕದ ಊರು. ಅಲ್ಲಿಯ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಗಮಕವೆಂದರೆ ಒಬ್ಬರು ರಾಗವಾಗಿ ಕಾವ್ಯ ವಾಚಿಸುವುದು, ಇನ್ನೊಬ್ಬರು ಅರ್ಥ ಬಿಡಿಸುವುದು, ಊರೆಲ್ಲ ಕೂತು ಕೇಳುವುದು. ಕುಮಾರವ್ಯಾಸನನ್ನು ಕನ್ನಡಿಗರು ಶತಮಾನಗಳ ಕಾಲ ‘ಓದಿದ್ದು’ ಬಹುಮಟ್ಟಿಗೆ ಕಿವಿಯಿಂದಲೇ.

ನಮ್ಮ ಕೂಟದಲ್ಲಿ ಅಡಿಕೆ ಸುಲಿಯಲು ಹೋಗುವ ಹೆಂಗಸೊಬ್ಬರಿದ್ದಾರೆ. ಸುಗ್ಗಿಯಲ್ಲಿ ರಾತ್ರಿ ಹತ್ತರವರೆಗೆ ಮೆಟ್ಟುಗತ್ತಿಯ ಮುಂದೆ ಕೂರುವ ಕೆಲಸ. ಎರಡೂ ಕೈ, ಎರಡೂ ಕಣ್ಣು ಅಡಿಕೆಗೆ ಬೇಕು, ಬಿಡುವಿರುವುದು ಕಿವಿಗೆ ಮಾತ್ರ. ಮಗ ಮೊಬೈಲಿಗೆ ಹಾಕಿಕೊಟ್ಟ ಕನ್ನಡದ ಆಡಿಯೋ ಪುಸ್ತಕಗಳನ್ನು ಸಾಲಾಗಿ ಕೂತ ಏಳೆಂಟು ಜನಕ್ಕೆ ಕೇಳುವಂತೆ ನಡುವಿನ ಸ್ಟೂಲಿನ ಮೇಲೆ ಇಡುತ್ತಾರೆ. ಅವರಿಗೆ ಪುಟವಿಲ್ಲ, ಆದ್ದರಿಂದ ‘ಎರಡು ಡಬ್ಬ ಅಡಿಕೆಯಷ್ಟು ಕೇಳಿದ್ದೇನೆ’ ಎಂದು ಲೆಕ್ಕ ಕೊಡುತ್ತಾರೆ. ಕೂಲಿಯ ಲೆಕ್ಕವೂ ಡಬ್ಬದ ಮೇಲೆಯೇ ಆದ್ದರಿಂದ ಅದು ಪುಟಸಂಖ್ಯೆಗಿಂತ ನಂಬಿಕೆಗೆ ಯೋಗ್ಯ. ಕತೆ ಬಿಗಿಯಾದಾಗ ಸುಲಿಯುವ ಸದ್ದು ನಿಂತುಹೋಗುತ್ತದೆ, ಯಜಮಾನರು ಒಳಗಿನಿಂದ ಕೆಮ್ಮುತ್ತಾರೆ, ಮತ್ತೆ ಶುರುವಾಗುತ್ತದೆ ಎಂದು ಅವರು ಹೇಳಿದ್ದನ್ನು ನಾನು ಯಾವ ವಿಮರ್ಶೆಗೂ ಕಡಿಮೆಯೆಂದು ಎಣಿಸುವುದಿಲ್ಲ.

ಕಣ್ಣಿಗಿಂತ ಕಿವಿಗೇ ಬೇಗ ಒಲಿಯುವ ಪುಸ್ತಕಗಳೂ ಇವೆ. ದೇವನೂರ ಮಹಾದೇವರ ‘ಕುಸುಮಬಾಲೆ’ (1984) ಅಂಥದ್ದು. ಅದು ನಂಜನಗೂಡು ಸೀಮೆಯ ಆಡುಮಾತಿನಲ್ಲಿದೆ. ಮಲೆನಾಡಿನ ನಮಗೆ ಮೊದಲ ಪುಟವೇ ಗೋಡೆ. ಹಾಲಿನ ಡೇರಿಯ ಕಾರ್ಯದರ್ಶಿ ಎರಡು ತಿಂಗಳು ಹನ್ನೊಂದನೆಯ ಪುಟದಲ್ಲೇ ನಿಂತಿದ್ದರು. ಮೂರನೆಯ ತಿಂಗಳು, ಮೈಸೂರಿನ ಕಡೆಯಿಂದ ಇಲ್ಲಿಗೆ ವರ್ಗವಾಗಿ ಬಂದ ನರ್ಸ್ ಒಬ್ಬರು ಪುಸ್ತಕ ಕಿತ್ತುಕೊಂಡು, ದೀಪದ ಜೋತಮ್ಮಂದಿರು ತಮ್ಮ ತಮ್ಮಲ್ಲೇ ಮಾತಾಡಿಕೊಳ್ಳುವ ಭಾಗವನ್ನು ಗಟ್ಟಿಯಾಗಿ ಓದಿದರು. ಅವರಿಗೆ ಅದು ಅಜ್ಜಿಯ ಮನೆಯ ಮಾತು. ಎಲ್ಲಿ ಎಳೆಯಬೇಕು, ಎಲ್ಲಿ ನುಂಗಬೇಕು ಎಂಬುದು ಗೊತ್ತಿತ್ತು. ಗೋಡೆಯೆನಿಸಿದ್ದು ಬಾಗಿಲಾಯಿತು. ನಿಮ್ಮ ಕೂಟದಲ್ಲೂ ಇಂಥ ಪುಸ್ತಕ ಬಂದರೆ, ಆ ಸೀಮೆಯ ಒಬ್ಬರನ್ನು ಹುಡುಕಿ ಎರಡು ಪುಟ ಓದಿಸಿ. ಬಸ್ ಕಂಡಕ್ಟರಾದರೂ ಸರಿ.

ಗಟ್ಟಿಯಾಗಿ ಓದುವುದಕ್ಕೆ ಮಿತಿಯಿರಲಿ: ಅರ್ಧ ಪುಟ, ಹೆಚ್ಚೆಂದರೆ ಒಂದು. ಪುಸ್ತಕದಲ್ಲೇ ಅತಿ ಸುಂದರವಾದ ಸಾಲು ಆರಿಸಬೇಡಿ, ನೀವು ನಿಂತ ಜಾಗವನ್ನೇ ಓದಿ.

ಬಹುಮಾನ ಬಂದ ಪುಸ್ತಕ, ಮುಚ್ಚಿಟ್ಟು ಓದುವ ಪುಸ್ತಕ

ಮೇ 2025ರಲ್ಲಿ ಹಾಸನದ ಬಾನು ಮುಷ್ತಾಕ್ ಅವರ ಕತೆಗಳಿಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗ ಕೂಟದ ಅರ್ಧಕ್ಕರ್ಧ ಜನ ಅದೇ ಪುಸ್ತಕ ಹಿಡಿದು ಬಂದರು. ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ‘ಹಾರ್ಟ್ ಲ್ಯಾಂಪ್’ನಲ್ಲಿ ಹನ್ನೆರಡು ಕತೆಗಳಿವೆ, ಕತೆಗಳ ಸಂಕಲನವೊಂದಕ್ಕೆ ಆ ಬಹುಮಾನ ಸಿಕ್ಕಿದ್ದು ಅದೇ ಮೊದಲು. ಮಗಳ ಕೈಯಲ್ಲಿ ಇಂಗ್ಲಿಷ್ ಪುಸ್ತಕ, ತಾಯಿಯ ಕೈಯಲ್ಲಿ ಕನ್ನಡದ್ದು, ಒಂದೇ ಮನೆಯಲ್ಲಿ. ಎಲ್ಲರೂ ಓದುತ್ತಿರುವ ಪುಸ್ತಕ ಕೂಟಕ್ಕೆ ಅಪಾಯ, ಪೇಪರಿನಲ್ಲಿ ಬಂದದ್ದನ್ನೇ ಎಲ್ಲರೂ ಹೇಳುತ್ತಾರೆ. ಆಗ ಹೀಗೆ ಮಾಡಿ: ಒಬ್ಬರಿಗೆ ಒಂದೇ ಕತೆ. ಸಂಕಲನದ ಬಗ್ಗೆ ಒಟ್ಟಾಗಿ ಒಂದು ಮಾತೂ ಬೇಡ. ತಾಯಿ ಆರಿಸಿಕೊಂಡದ್ದು ‘ಕರಿ ನಾಗರಗಳು’, ಗಿರೀಶ ಕಾಸರವಳ್ಳಿಯವರು ‘ಹಸೀನಾ’ ಸಿನಿಮಾ ಮಾಡಿದ ಕತೆ. ‘ಆ ಹೆಂಗಸು ಮಕ್ಕಳನ್ನು ಕಟ್ಟಿಕೊಂಡು ನ್ಯಾಯ ಕೇಳಿ ಮಸೀದಿಯ ಮುಂದೆ ಕೂತಿದ್ದಾಳೆ. ಎದ್ದು ಹೋದರೆ ಸೋತಳು, ಕೂತೇ ಇದ್ದರೆ ಮಕ್ಕಳ ಗತಿಯೇನು? ಮುಂದಕ್ಕೆ ಓದಲಾರದೆ ಅವಳನ್ನು ಅಲ್ಲೇ ಕೂರಿಸಿ ಬಂದಿದ್ದೇನೆ’ ಎಂದರು. ಅಲಾರಂ ಹಿಡಿದ ಹುಡುಗಿ ಸಮಯ ನೋಡುವುದನ್ನೇ ಮರೆತಳು.

ಇನ್ನು ಹೇಳಿಕೊಳ್ಳಲು ನಾಚುವ ಓದು. ಕನ್ನಡಕ್ಕೆ ಬಂದ ಯಂಡಮೂರಿ ವೀರೇಂದ್ರನಾಥರ ಕಾದಂಬರಿಗಳು, ಎನ್. ನರಸಿಂಹಯ್ಯನವರ ಪತ್ತೇದಾರಿ ಕತೆಗಳು, ವಾರಪತ್ರಿಕೆಯ ಧಾರಾವಾಹಿಗಳು. ಒಂದು ಕಾಲದಲ್ಲಿ ಈ ನಾಡಿಗೆ ಓದುವ ಚಟ ಹಿಡಿಸಿದ್ದೇ ಇವು. ಕೂಟ ನಡೆಸುವವರು ಮೊದಲ ತಿಂಗಳಲ್ಲೇ ಇಂಥದ್ದೊಂದನ್ನು ತಾವೇ ತಂದು, ಪುಟ ಹೇಳಿ, ಎಲ್ಲಿ ನಿಂತೆ ಎಂದು ಗಂಭೀರವಾಗಿ ಹೇಳಬೇಕು. ಹಾಗೆ ಮಾಡದಿದ್ದರೆ ಜನ ಮನೆಯಲ್ಲಿ ಓದುವುದೊಂದು, ಕೂಟಕ್ಕೆ ತರುವುದೊಂದಾಗುತ್ತದೆ. ಓದಿನ ರೂಢಿಯೇ ಇಲ್ಲದವರು ಬಂದು ಏನು ಓದಲಿ ಎಂದರೆ ನಾವು ಕೊಡುವುದು ತೇಜಸ್ವಿಯವರ ‘ಕರ್ವಾಲೊ’ (1980). ಹಾರುವ ಓತಿಯ ಬೆನ್ನು ಹತ್ತಿ ಕಾಡಿಗೆ ಹೋದವರು ವಾಪಸು ಬಂದು ಎರಡನೆಯ ಪುಸ್ತಕ ಕೇಳದೇ ಇರುವುದು ಅಪರೂಪ.

ಮುಗಿಯದ ಪುಸ್ತಕವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಒಬ್ಬ ನಿವೃತ್ತ ಮೇಷ್ಟ್ರು ಯಾವಾಗ ಕೇಳಿದರೂ ‘ಮಂಕುತಿಮ್ಮನ ಕಗ್ಗ’ ಎನ್ನುತ್ತಾರೆ. ಡಿವಿಜಿಯವರು 1943ರಲ್ಲಿ ಪ್ರಕಟಿಸಿದ ಅದರಲ್ಲಿ 945 ಪದ್ಯಗಳು; ದಿನಕ್ಕೊಂದರಂತೆ ಓದಿದರೂ ಎರಡೂವರೆ ವರ್ಷ ದಾಟುತ್ತದೆ. ಪದ್ಯದ ಸಂಖ್ಯೆ ಹೇಳಿ, ಈ ತಿಂಗಳು ಯಾವ ಪದ್ಯ ಒಪ್ಪಿಗೆಯಾಗಲಿಲ್ಲ ಎಂದು ಹೇಳಬೇಕೆಂಬುದು ಅವರಿಗೆ ನಾವು ಹಾಕಿದ ಷರತ್ತು. ಒಪ್ಪಿದ್ದನ್ನು ಹೇಳಲು ಬಿಟ್ಟರೆ ಉಪನ್ಯಾಸವಾಗುತ್ತದೆ, ಒಪ್ಪದ್ದನ್ನು ಹೇಳುವಾಗ ಮನುಷ್ಯ ಕಾಣುತ್ತಾನೆ.

ಬಿಟ್ಟ ಪುಸ್ತಕ

ಅರ್ಧಕ್ಕೆ ಬಿಟ್ಟದ್ದನ್ನೂ ತರಬೇಕು. ಎಷ್ಟನೆಯ ಪುಟದಲ್ಲಿ ಬಿಟ್ಟಿರಿ, ಏಕೆ? ‘ಹಿಡಿಸಲಿಲ್ಲ’ ಸಾಲದು. ಅಕ್ಷರ ಸಣ್ಣದಿತ್ತು ಎಂಬುದು ಒಳ್ಳೆಯ ಕಾರಣ. ನಾಯಕ ಪ್ರತಿ ಪುಟದಲ್ಲೂ ಬುದ್ಧಿ ಹೇಳುತ್ತಾನೆ ಎಂಬುದು ಇನ್ನೂ ಒಳ್ಳೆಯ ಕಾರಣ. ಬಿಟ್ಟ ಪುಸ್ತಕವನ್ನು ಆ ಸಂಜೆಯೇ ಇನ್ನೊಬ್ಬರು ಒಯ್ಯಬೇಕು, ಮನೆಯ ಕಪಾಟಿಗೆ ಹಿಂದಿರುಗಬಾರದು. ನಮ್ಮ ಮಳೆಯಲ್ಲಿ ಓದದೆ ಇಟ್ಟ ಪುಸ್ತಕಕ್ಕೆ ಆಗಸ್ಟ್ ಹೊತ್ತಿಗೆ ಬೂಸ್ಟು ಬರುತ್ತದೆ.

ಒಯ್ದ ಪುಸ್ತಕಕ್ಕೆ ಲೆಕ್ಕವಿಡಿ. ಉದ್ದನೆಯ ಒಂದು ಖಾತೆ ಪುಸ್ತಕ ಸಾಕು: ಯಾರದ್ದು, ಯಾರು ಒಯ್ದರು, ಯಾವ ದಿನ, ಮತ್ತು ಒಯ್ದ ದಿನ ಕೊಟ್ಟವರು ಯಾವ ಪುಟದಲ್ಲಿದ್ದರು. ಕೊನೆಯ ಕಾಲಂ ಏಕೆಂದು ಕೇಳುತ್ತಾರೆ. ಒಯ್ದವರು ಆ ಪುಟ ದಾಟಿದ ಮೇಲೆ ಇಬ್ಬರೂ ಒಮ್ಮೆ ಮಾತಾಡಬೇಕೆಂಬುದು ಲೆಕ್ಕ. ಕೇಳಿ ಪಡೆಯಲು ಸಂಕೋಚಪಟ್ಟು ಪುಸ್ತಕ ಕಳೆದುಕೊಂಡವರು ಖಾತೆ ತೆರೆದು ತೋರಿಸಿದರೆ ಸಾಕು, ಮಾತಿಗೆ ಮಾತು ಬೆಳೆಯುವುದಿಲ್ಲ.

ಕೊಳ್ಳುವ ಶಕ್ತಿಯಿಲ್ಲದವರಿಗೆ ಸಾರ್ವಜನಿಕ ಗ್ರಂಥಾಲಯದ ದಾರಿ ತೋರಿಸಿ. 1965ರ ಕಾಯ್ದೆಯಂತೆ ನಾವು ಕಟ್ಟುವ ಆಸ್ತಿ ತೆರಿಗೆಯ ಜೊತೆಗೇ ಗ್ರಂಥಾಲಯ ಕರವೂ ಹೋಗುತ್ತದೆ. ಕೊಟ್ಟ ದುಡ್ಡಿಗೆ ಪುಸ್ತಕ ಕೇಳಲು ಹಿಂಜರಿಕೆ ಏಕೆ? ಕೂಟದಲ್ಲಿ ಹೆಸರು ಬಂದ, ಗ್ರಂಥಾಲಯದಲ್ಲಿ ಇಲ್ಲದ ಪುಸ್ತಕಗಳ ಪಟ್ಟಿಯನ್ನು ಆಗಾಗ ಗ್ರಂಥಪಾಲಕರ ಕೈಗೆ ಕೊಡಿ. ಎಲ್ಲವೂ ಬರುವುದಿಲ್ಲ, ಕೆಲವು ಬರುತ್ತವೆ.

ಈ ತಿಂಗಳು ನನ್ನ ಸರದಿಯಲ್ಲಿ ಹೇಳಬೇಕಾದದ್ದನ್ನು ಇಲ್ಲೇ ಬರೆದುಬಿಡುತ್ತೇನೆ, ಕ್ರಮ ಹೇಗೆಂದು ತೋರಿಸಿದಂತೆಯೂ ಆಯಿತು. ಯಶವಂತ ಚಿತ್ತಾಲರ ‘ಶಿಕಾರಿ’ (1979). ನೂರನೆಯ ಪುಟ ದಾಟಿದ್ದೇನೆ. ಸರ್ವೇಯರ್ ಸಾಹೇಬರ ಪ್ರತಿ, ಅಂಚಿನಲ್ಲೆಲ್ಲ ಅವರ ಅಡಿಗೆರೆ. ಮುಂಬಯಿಯ ಕಂಪನಿಯಲ್ಲಿ ದೊಡ್ಡ ಹುದ್ದೆಯಲ್ಲಿರುವ ನಾಗಪ್ಪನನ್ನು ಏಕಾಏಕಿ ಕೆಲಸದಿಂದ ಅಮಾನತು ಮಾಡಿದ್ದಾರೆ, ಏಕೆಂದು ಅವನಿಗೂ ಸರಿಯಾಗಿ ತಿಳಿಯದು, ನನಗೂ ತಿಳಿಯದು. ಅವನು ಒಂದೇ ವಿಷಯವನ್ನು ಹತ್ತು ಕಡೆಯಿಂದ ಯೋಚಿಸುವಾಗ, ಸಾಕು ಮಾರಾಯ, ಎದ್ದು ಯಾರನ್ನಾದರೂ ನೇರವಾಗಿ ಕೇಳಬಾರದೇ ಎಂದು ರೇಗುತ್ತದೆ. ಆದರೆ ರಾತ್ರಿ ಅಂಗಡಿಯ ಬಾಗಿಲು ಹಾಕಿ ಮಲಗಿದ ಮೇಲೆ, ಬೆಳಿಗ್ಗೆ ಬಂದ ಔಷಧಿ ಕಂಪನಿಯ ಪ್ರತಿನಿಧಿ ಹಾಗೇಕೆ ನಕ್ಕ ಎಂದು ನಾನೂ ಹತ್ತು ಕಡೆಯಿಂದ ಯೋಚಿಸುತ್ತಿರುತ್ತೇನೆ. ಮುಂದೆ ಓದುತ್ತೇನೆ. ಮುಗಿದರೆ ಬ್ಯಾಂಕಿನ ಹುಡುಗನಿಗೆ ಕೊಡುತ್ತೇನೆ. ಅವನಿಗೆ ಮೊನ್ನೆಯಷ್ಟೇ ಬಡ್ತಿ ಸಿಕ್ಕಿದೆ.